ಅಕ್ಕನ ನಿಂಬೆ ನೀರು ಮತ್ತು ಹಸಿರಾದ ಪಟ್ಟಿ

ಅಕ್ಕ ಒಂದು ಬೆಳಿಗ್ಗೆ ಫೋಟೋ ಕಳಿಸಿದಳು. ಸಿಂಕಿನ ಅಂಚಿನ ಮೇಲೆ ಬೆರಳುದ್ದದ ಕಾಗದದ ಪಟ್ಟಿ, ಅದರ ತುದಿ ಎಳೆ ಹಸಿರು, ಪಕ್ಕದಲ್ಲಿ ಡಬ್ಬಿಯ ಬಣ್ಣದ ಚಾರ್ಟು. ಕೆಳಗೆ ಬರೆದಿದ್ದಳು: "7 ಬಂತು! ನಿಂಬೆ ಕೆಲಸ ಮಾಡ್ತಿದೆ, ಮೈಯೆಲ್ಲಾ ಆಲ್ಕಲೈನ್ ಆಗ್ತಿದೆ."

ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು. ರಕ್ತ, ಮೂತ್ರ, ಪಿಎಚ್ ಇವೆಲ್ಲ ನನಗೆ ದಿನನಿತ್ಯದ ಮಾತು. (ಪಿಎಚ್ ಅಂದರೆ ಆಮ್ಲ, ಕ್ಷಾರದ ಅಳತೆ. 7 ನಡುಮಟ್ಟ, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ, ಅಂದರೆ ಅಕ್ಕ ಹೇಳಿದ ಆಲ್ಕಲೈನ್.) ಆ ಸಂದೇಶ ನೋಡಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಗಾಬರಿ ಆಯಿತು. ಅವಳು ನಾಲ್ಕು ತಿಂಗಳಿಂದ ಡಾಕ್ಟರ್ ಹತ್ತಿರ ಹೋಗುವುದನ್ನು ಮುಂದಕ್ಕೆ ಹಾಕುತ್ತಾ ಬಂದಿದ್ದಳು, ಈಗ ಈ ಹಸಿರು ಪಟ್ಟಿ ಸಿಕ್ಕ ಮೇಲೆ ಹೋಗುವ ಮಾತೇ ಇರಲಿಲ್ಲ. ಮುಂದೆ ಏನಾಯಿತು ಅನ್ನುವುದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ("ಹೆಸರು ಮಾತ್ರ ಹಾಕಬೇಡ" ಅಂದಳು. ಹಾಕಿಲ್ಲ.)

ಹಿನ್ನೆಲೆ ಇಷ್ಟು. ಅಕ್ಕನಿಗೆ 44 ವರ್ಷ, ತೂಕ 60 ಕಿಲೋ ಆಸುಪಾಸು. ಎರಡು ವರ್ಷದಿಂದ ರಾತ್ರಿ ಮಲಗಿದ ಮೇಲೆ ಎದೆಯುರಿ, ಕೆಲವು ಸಲ ಗಂಟಲವರೆಗೂ ಹುಳಿ ಬರುವುದು, ಬೆಳಿಗ್ಗೆ ಎದ್ದರೆ ಬಾಯೆಲ್ಲ ಕಹಿ. ಕೆಲಸ ಮುಗಿಸಿ ಊಟ ಮಾಡುವುದೇ ರಾತ್ರಿ ಹತ್ತಕ್ಕೆ, ಹತ್ತೂವರೆಗೆ ಹಾಸಿಗೆ. ಯಾರೋ ಹೇಳಿದರು, ಇದೆಲ್ಲ ಮೈಯಲ್ಲಿ ಆಸಿಡ್ ಜಾಸ್ತಿ ಆಗಿರುವುದರಿಂದ ಅಂತ. ನಿಂಬೆ ಬಾಯಿಗೆ ಹುಳಿ, ಆದರೆ ಹೊಟ್ಟೆಗೆ ಹೋದಮೇಲೆ ಕ್ಷಾರ ಆಗುತ್ತದೆ ಅಂತಲೂ ಹೇಳಿದರು. ಅವತ್ತಿನಿಂದ ಶುರು. ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಬೆಚ್ಚಗಿನ ನೀರಿಗೆ ಸುಮಾರು 50 ಮಿಲಿ ಲೀಟರ್ ನಿಂಬೆರಸ, ಸಕ್ಕರೆ ಇಲ್ಲ, ಉಪ್ಪಿಲ್ಲ, ಅರ್ಧ ಗಂಟೆ ಕೂತು ಗುಟುಕು ಗುಟುಕಾಗಿ ಕುಡಿಯುವುದು, ಕುಡಿದು ಮುಗಿದ ತಕ್ಷಣ ಹಲ್ಲುಜ್ಜುವುದು. ಈ ಕೊನೆಯ ಎರಡು ವಿವರ ನೆನಪಿಟ್ಟುಕೊಳ್ಳಿ.

ಮೊದಲ ಎರಡು ವಾರ ನಿಜಕ್ಕೂ ಆರಾಮಾಯಿತಂತೆ. ನಾನು ಕೆದಕಿ ಕೇಳಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಅದೇ ಎರಡು ವಾರ ಅವಳಿಗೆ ರಜೆ. ರಾತ್ರಿ ಊಟ ಎಂಟಕ್ಕೇ ಮುಗಿಯುತ್ತಿತ್ತು, ಮಲಗುವುದು ಹನ್ನೊಂದಕ್ಕೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಹಾಗೆ. ರಜೆ ಮುಗಿದು ಊಟ ಮತ್ತೆ ಹತ್ತಕ್ಕೆ ಹೋದಾಗ ರಾತ್ರಿಯ ಉರಿ ವಾಪಸ್ ಬಂತು, ಜೊತೆಗೆ ಬೆಳಗಿನ ಉರಿಯೂ ಹೊಸದಾಗಿ ಸೇರಿಕೊಂಡಿತು. ಆದರೆ ಅಷ್ಟರಲ್ಲಿ ನಂಬಿಕೆ ಬೇರೂರಿತ್ತು. ಉರಿ ಬಂದದ್ದಕ್ಕೆ "ವಿಷ ಹೊರಗೆ ಹೋಗ್ತಿದೆ" ಅನ್ನುವ ಸಮಾಧಾನವೂ ಸಿಕ್ಕಿತ್ತು. ಹೀಗೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆರಾಮಾದರೆ ನಿಂಬೆಯ ಮಹಿಮೆ, ಆಗದಿದ್ದರೂ ನಿಂಬೆಯ ಮಹಿಮೆ ಅಂದರೆ ಅದು ತಪ್ಪು ಅಂತ ಗೊತ್ತಾಗುವುದು ಯಾವಾಗ?

ಸರಿ, ಪಟ್ಟಿಯ ವಿಷಯಕ್ಕೆ ಬರೋಣ. ಅದು ಮೂತ್ರದ ಪಿಎಚ್ ನೋಡುವ ಪಟ್ಟಿ. ಡಬ್ಬಿಯಲ್ಲಿ 100 ಇದ್ದವು. ಅಕ್ಕ ಹತ್ತು ದಿನ, ದಿನಕ್ಕೆ ಎರಡರಂತೆ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಎದ್ದ ತಕ್ಷಣ 5 ಅಥವಾ 5.5, ಪಟ್ಟಿ ಕಿತ್ತಳೆ ಬಣ್ಣ. ಹನ್ನೊಂದು ಗಂಟೆಗೆ 6.5 ಅಥವಾ 7, ಪಟ್ಟಿ ಹಸಿರು. ನಡುವೆ ಏನಾಗಿತ್ತು? ನಿಂಬೆ ನೀರು ಕುಡಿದಿದ್ದಳು. ಹತ್ತಕ್ಕೆ ಹತ್ತು ದಿನವೂ ಹಾಗೇ. ಅವಳ ಜಾಗದಲ್ಲಿ ನಾನಿದ್ದರೂ ನಂಬಿಬಿಡುತ್ತಿದ್ದೆನೇನೋ.

ಆದರೆ ನಡುವೆ ತಿಂಡಿಯನ್ನೂ ತಿಂದಿದ್ದಳು, ಅಲ್ವಾ?

ನಿದ್ದೆಯಲ್ಲಿ ನಮ್ಮ ಉಸಿರಾಟ ನಿಧಾನ. ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲಿ ಒಂಚೂರು ಜಾಸ್ತಿ ಉಳಿಯುತ್ತದೆ, ಕಿಡ್ನಿ ಆಮ್ಲವನ್ನು ಹೊರಹಾಕುತ್ತಾ ಇರುತ್ತದೆ. ಹಾಗಾಗಿ ಬೆಳಗಿನ ಮೊದಲ ಮೂತ್ರ ಸಾಮಾನ್ಯವಾಗಿ ಆಮ್ಲೀಯ. ಆಮೇಲೆ ತಿಂಡಿ ತಿನ್ನುತ್ತೇವೆ. ಹೊಟ್ಟೆಯ ಗೋಡೆಯ ಕೋಶಗಳು ಹೈಡ್ರೋಕ್ಲೋರಿಕ್ ಆಮ್ಲ ಮಾಡಿ ಹೊಟ್ಟೆಯೊಳಗೆ ಸುರಿಯುತ್ತವೆ, ಆದರೆ ಆಮ್ಲ ಒಂದನ್ನೇ ಮಾಡಲು ಬರುವುದಿಲ್ಲ. ಹೊಟ್ಟೆಯ ಕಡೆಗೆ ಎಷ್ಟು ಆಮ್ಲ ಹೋಯಿತೋ ಅಷ್ಟೇ ಬೈಕಾರ್ಬನೇಟ್ ಇನ್ನೊಂದು ಕಡೆಯಿಂದ ರಕ್ತಕ್ಕೆ ಇಳಿಯುತ್ತದೆ. ಬೈಕಾರ್ಬನೇಟ್ ಅಂದರೆ ಕ್ಷಾರ. ಅದರಲ್ಲಿ ಸ್ವಲ್ಪ ಪಾಲನ್ನು ಕಿಡ್ನಿ ಮೂತ್ರಕ್ಕೆ ಬಿಡುತ್ತದೆ, ಆಗ ಮೂತ್ರದ ಪಿಎಚ್ ಏರುತ್ತದೆ. ಇದಕ್ಕೆ ಆಲ್ಕಲೈನ್ ಟೈಡ್ ಅಂತ ಹೆಸರು, ನಮ್ಮ ಮಾತಿನಲ್ಲಿ ಕ್ಷಾರದ ಉಬ್ಬರ. ಎಲ್ಲರಲ್ಲೂ ಒಂದೇ ಸಮನೆ ಕಾಣುವುದಿಲ್ಲ. ಆದರೆ ನಿಂಬೆ ಮುಟ್ಟದವರಲ್ಲೂ ಕಾಣುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ಅಕ್ಕ ಒಪ್ಪುವವಳಲ್ಲ. ಚಿಕ್ಕಂದಿನಿಂದಲೂ ಹಾಗೇ. ಅದಕ್ಕೇ ಒಂದು ಪಂದ್ಯ ಕಟ್ಟಿದೆ. ಒಂದು ವಾರ ನಿಂಬೆ ನೀರು, ಇನ್ನೊಂದು ವಾರ ಬರೀ ಬೆಚ್ಚಗಿನ ನೀರು. ತಿಂಡಿ ಅದೇ, ಹೊತ್ತೂ ಅದೇ. ದಿನಕ್ಕೆ ಮೂರು ಪಟ್ಟಿ: ಎದ್ದಾಗ, ಹನ್ನೊಂದಕ್ಕೆ, ಮಲಗುವ ಮುಂಚೆ. ಯಾವ ವಾರ ಮೊದಲು ಅನ್ನುವುದನ್ನು ನನಗೆ ಹೇಳಕೂಡದು. ಹದಿನಾಲ್ಕು ದಿನ ಮುಗಿದ ಮೇಲೆ ಪಟ್ಟಿಗಳ ಫೋಟೋಗಳನ್ನು ಕಲಸಿ ಕಳಿಸಬೇಕು, ನಾನು ಬಣ್ಣ ನೋಡಿ ಸಂಖ್ಯೆ ಬರೆಯಬೇಕು. ಆಮೇಲೆ ಇಬ್ಬರೂ ಕೂತು ದಿನಾಂಕದ ಜೊತೆ ತಾಳೆ ಹಾಕುವುದು. ಫೋಟೋದ ಬೆಳಕಿನಲ್ಲಿ ಬಣ್ಣ ಅಷ್ಟಿಷ್ಟು ಮೋಸ ಮಾಡುತ್ತದೆ, ನಿಜ. ಆದರೆ ಎರಡೂ ವಾರಕ್ಕೆ ಒಂದೇ ಸಿಂಕು, ಒಂದೇ ದೀಪ.

ಹನ್ನೊಂದು ಗಂಟೆಯ ಲೆಕ್ಕ ಹೀಗೆ ಬಂತು. ನಿಂಬೆಯ ವಾರದಲ್ಲಿ ನಾಲ್ಕು ದಿನ 6.5, ಮೂರು ದಿನ 7. ಬರೀ ನೀರಿನ ವಾರದಲ್ಲಿ ನಾಲ್ಕು ದಿನ 6.5, ಎರಡು ದಿನ 7, ಒಂದು ದಿನ 6. ಅರ್ಧ ಅರ್ಧ ಮೆಟ್ಟಿಲು ಮಾತ್ರ ತೋರಿಸುವ ಪಟ್ಟಿಯಲ್ಲಿ ಇದನ್ನು ವ್ಯತ್ಯಾಸ ಅಂತ ಕರೆಯಲು ಬರುವುದಿಲ್ಲ. ಎದ್ದಾಗಿನ ಮತ್ತು ಮಲಗುವಾಗಿನ ಸಂಖ್ಯೆಗಳಲ್ಲೂ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅಕ್ಕ ನೋಟ್‌ಬುಕ್ಕನ್ನು ಎರಡು ಮೂರು ಸಲ ತಿರುವಿ ಹಾಕಿದಳು. "ಹಾಗಾದ್ರೆ ನಾನು ಇಷ್ಟು ದಿನ ನೋಡಿದ್ದು ತಿಂಡೀನಾ?" ಅಂದಳು. ಹೌದು, ತಿಂಡಿಯನ್ನೇ.

ಒಬ್ಬರ ಎರಡು ವಾರದ ಲೆಕ್ಕದಿಂದ ಲೋಕಕ್ಕೆಲ್ಲ ಅನ್ವಯಿಸುವ ತೀರ್ಪು ಕೊಡಲು ಆಗುವುದಿಲ್ಲ. ಅದಕ್ಕೇ ಇನ್ನೊಂದು ದಾರಿಯಿಂದಲೂ ಲೆಕ್ಕ ಹಾಕಿ ತೋರಿಸಿದೆ. ನನಗೆ ಇಷ್ಟವಾದ ಭಾಗ ಇದೇ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಿಂಬೆರಸದ ಹುಳಿಗೆ ಕಾರಣ ಸಿಟ್ರಿಕ್ ಆಮ್ಲ. 1784ರಲ್ಲಿ ಶೀಲೆ ಅನ್ನುವ ರಸಾಯನ ವಿಜ್ಞಾನಿ ನಿಂಬೆರಸದಿಂದಲೇ ಅದನ್ನು ಹರಳಾಗಿ ಬೇರ್ಪಡಿಸಿದ್ದ. ರಸದಲ್ಲಿ ಅದು ನೂರಕ್ಕೆ ಐದರ ಆಸುಪಾಸು ಇರುತ್ತದೆ. ಅಂದರೆ ಅಕ್ಕನ ಲೋಟದಲ್ಲಿ ಹತ್ತಿರ ಹತ್ತಿರ ಎರಡೂವರೆ ಗ್ರಾಂ. ಈ ಆಮ್ಲ ಕರುಳಿನಿಂದ ರಕ್ತಕ್ಕೆ ಹೋಗಿ ಕೋಶಗಳಲ್ಲಿ ಉರಿದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗುತ್ತದೆ. 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಬಿಡಿಸಿಟ್ಟ ಚಕ್ರಕ್ಕೆ ಸಿಟ್ರಿಕ್ ಆಮ್ಲ ಚಕ್ರ ಅಂತಲೇ ಹೆಸರು. ನಮ್ಮ ಕೋಶಗಳು ತಾವೇ ಇದನ್ನು ಹಗಲೂ ರಾತ್ರಿ ಮಾಡುತ್ತಾ ಉರಿಸುತ್ತಾ ಇರುತ್ತವೆ. ಉರಿದ ಮೇಲೆ ಕಾರ್ಬನ್ ಡೈಆಕ್ಸೈಡ್ ಉಸಿರಿನಲ್ಲಿ ಹೊರಗೆ ಹೋಯಿತು, ಆಮ್ಲದ ಕಥೆ ಅಲ್ಲಿಗೆ ಮುಗಿಯಿತು. ಆಮ್ಲವೂ ಉಳಿಯಲಿಲ್ಲ, ಕ್ಷಾರವೂ ಹುಟ್ಟಲಿಲ್ಲ.

ಹಾಗಾದರೆ "ನಿಂಬೆ ಒಳಗೆ ಕ್ಷಾರ" ಅನ್ನುವ ಮಾತು ಎಲ್ಲಿಂದ ಬಂತು? ಬೂದಿಯಿಂದ. ಹಿಂದೆ ಆಹಾರವನ್ನು ಸುಟ್ಟು, ಉಳಿದ ಬೂದಿಯನ್ನು ನೀರಿನಲ್ಲಿ ಕದಡಿ, ಅದು ಆಮ್ಲವೋ ಕ್ಷಾರವೋ ಅಂತ ನೋಡುತ್ತಿದ್ದರು. ನಿಂಬೆಯ ಬೂದಿ ಕ್ಷಾರ, ಅದು ಸುಳ್ಳಲ್ಲ. ಆಮ್ಲವೆಲ್ಲ ಸುಟ್ಟು ಹೋಗಿ ಪೊಟ್ಯಾಸಿಯಂ ಥರದ ಖನಿಜಗಳು ಉಳಿದಿರುತ್ತವೆ. ರಸದಲ್ಲಿ ಪೊಟ್ಯಾಸಿಯಂ ಜೊತೆ ಜೋಡಿಯಾಗಿರುವ ಸಿಟ್ರೇಟ್ (ಸಿಟ್ರಿಕ್ ಆಮ್ಲದ ಲವಣ ರೂಪ) ಸ್ವಲ್ಪ ಇದೆ, ಅದು ದೇಹದಲ್ಲಿ ಉರಿದಾಗ ನಿಜವಾಗಿಯೂ ಬೈಕಾರ್ಬನೇಟ್ ಉಳಿಯುತ್ತದೆ. ಎಷ್ಟು ಅನ್ನುವುದೇ ಪ್ರಶ್ನೆ. 1995ರಲ್ಲಿ ರೆಮರ್ ಮತ್ತು ಮಾನ್ಜ್ ಅನ್ನುವ ಇಬ್ಬರು ಆಹಾರಗಳು ಕಿಡ್ನಿಯ ಮೇಲೆ ಹಾಕುವ ಆಮ್ಲದ ಹೊರೆಯ ಪಟ್ಟಿ ಮಾಡಿದರು. ಅದರಲ್ಲಿ 100 ಗ್ರಾಂ ನಿಂಬೆರಸಕ್ಕೆ ಮೈನಸ್ 2.5 ಮಿಲಿ ಈಕ್ವಿವಲೆಂಟ್ (ಆಮ್ಲ, ಕ್ಷಾರದ ಪ್ರಮಾಣ ಅಳೆಯುವ ಮಾನ; ಮೈನಸ್ ಅಂದರೆ ಕ್ಷಾರದ ಕಡೆಗೆ). ಅಕ್ಕನ ಐವತ್ತಕ್ಕೆ ಅದರ ಅರ್ಧ, ಒಂದೂಕಾಲು. ಸಾಮಾನ್ಯ ಊಟ ಮಾಡುವವರ ದೇಹ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 1 ಮಿಲಿ ಈಕ್ವಿವಲೆಂಟ್ ಆಮ್ಲ ಮಾಡುತ್ತದೆ, ಅಕ್ಕನ ಲೆಕ್ಕದಲ್ಲಿ 60. ಅರವತ್ತರಲ್ಲಿ ಒಂದೂಕಾಲು. ಪಟ್ಟಿಯ ಬಣ್ಣ ಅಲುಗಾಡದೇ ಇದ್ದದ್ದು ಇದಕ್ಕೇ.

ಇದೆಲ್ಲ ಮೂತ್ರದ ಮಾತಾಯಿತು. ರಕ್ತದ್ದು ಬೇರೆಯೇ ಲೋಕ. ಅದರ ಪಿಎಚ್ 7.35ರಿಂದ 7.45ರ ನಡುವೆ ಇರಬೇಕು, ಅಷ್ಟು ಕಿರಿದಾದ ಓಣಿ. ಅದನ್ನು ಕಾಯುವುದು ಬೈಕಾರ್ಬನೇಟ್, ಶ್ವಾಸಕೋಶ, ಕಿಡ್ನಿ. ತಮಾಷೆ ಏನು ಗೊತ್ತಾ? ಒಂದೆರಡು ನಿಮಿಷ ಜೋರಾಗಿ ಏದುಸಿರು ಬಿಟ್ಟರೆ ರಕ್ತದ ಪಿಎಚ್ ಏರಿಯೇ ಏರುತ್ತದೆ, ತಲೆ ಹಗುರಾಗಿ ಬೆರಳ ತುದಿ ಜುಮ್ಮೆನ್ನುತ್ತದೆ. ನಾಲ್ಕು ತಿಂಗಳ ನಿಂಬೆ ಮಾಡದ ಕೆಲಸ ಅದು, ಮತ್ತು ಅದು ಆರೋಗ್ಯವಲ್ಲ, ತೊಂದರೆ. ಹಾಗಂತ ಮಾಡಿ ನೋಡಲು ಹೋಗಬೇಡಿ. ಅಕ್ಕನ ರಕ್ತದ ಬೈಕಾರ್ಬನೇಟ್ ಹೋದ ವರ್ಷದ ರಿಪೋರ್ಟಿನಲ್ಲಿ 25 ಇತ್ತು, ನಿಂಬೆಯ ನಾಲ್ಕು ತಿಂಗಳ ನಂತರ 24. ಎರಡೂ ಸರಿಯಾಗೇ ಇವೆ. ಅಂದರೆ ಸರಿಮಾಡಬೇಕಾದ ಆಮ್ಲ ಅವಳ ರಕ್ತದಲ್ಲಿ ಮೊದಲಿನಿಂದಲೂ ಇರಲೇ ಇಲ್ಲ.

ಹಾಗಿದ್ದ ಮೇಲೆ ಎದೆಯುರಿ ಯಾಕೆ? ನಮ್ಮ ಆಡುಮಾತೇ ಇಲ್ಲಿ ಗೊಂದಲ ಮಾಡುತ್ತದೆ ಅನ್ನಿಸುತ್ತದೆ. ಎದೆ ಉರಿದರೂ ಅಸಿಡಿಟಿ ಅನ್ನುತ್ತೇವೆ, ಹೊಟ್ಟೆ ಉಬ್ಬಿದರೂ ಅಸಿಡಿಟಿ, ರಕ್ತದ ಆಮ್ಲದ ಬಗ್ಗೆ ಮಾತಾಡುವಾಗಲೂ ಅದೇ ಪದ. ಅಕ್ಕನ ಹೊಟ್ಟೆಯಲ್ಲಿ ಆಮ್ಲ ಅತಿಯಾಗಿದೆ ಅಂತ ಎಲ್ಲೂ ಕಂಡಿರಲಿಲ್ಲ. ಖಾಲಿ ಹೊಟ್ಟೆಯ ಪಿಎಚ್ ಒಂದೂವರೆಯಿಂದ ಮೂರೂವರೆ, ಅದು ಹಾಗೇ ಇರಬೇಕು. ಆಮ್ಲ ಇರಬೇಕಾದ ಜಾಗ ಬಿಟ್ಟು ಅನ್ನನಾಳಕ್ಕೆ ಏರುತ್ತಿತ್ತು, ತೊಂದರೆ ಅಲ್ಲಿತ್ತು. ಅನ್ನನಾಳದ ಕೆಳತುದಿಯಲ್ಲಿ ಒಂದು ಸ್ನಾಯುವಿನ ಬಳೆ ಇದೆ, ಅದು ಸಡಿಲವಾದರೆ, ಹೊಟ್ಟೆ ತುಂಬಿಕೊಂಡು ಅಡ್ಡಾದರೆ, ಒಳಗಿನದು ಮೇಲಕ್ಕೆ ಬರುತ್ತದೆ. ಅದರ ಮೇಲೆ ಬೆಳಿಗ್ಗೆ ನಿಂಬೆ ನೀರು. ರಸದ ಪಿಎಚ್ 2ರಿಂದ 2.6. ನೀರು ಬೆರೆಸಿದರೆ ಹುಳಿ ತಗ್ಗಿದಂತೆ ಅನ್ನಿಸುತ್ತದೆ, ಆದರೆ ಒಂದಕ್ಕೆ ನಾಲ್ಕು ಪಾಲು ನೀರು ಹಾಕಿದರೂ ಅದು ಮೂರರ ಒಳಗೇ ಇರುತ್ತದೆ. ಹೊಟ್ಟೆಗೆ ಇದು ಏನೂ ಅಲ್ಲ, ಅಲ್ಲಿ ಮೊದಲೇ ಇದಕ್ಕಿಂತ ತೀಕ್ಷ್ಣವಾದ ಆಮ್ಲವಿದೆ. ಕೆಳಗೆ ಕರುಳಿಗೆ ಇಳಿದಾಗ ಮೇದೋಜೀರಕ ಗ್ರಂಥಿ ಬೈಕಾರ್ಬನೇಟ್ ಸುರಿದು ತಣ್ಣಗೆ ಮಾಡುತ್ತದೆ. ಅದಕ್ಕೆ ಕರೆ ಕೊಡುವ ಸೆಕ್ರೆಟಿನ್ ಅನ್ನುವ ಹಾರ್ಮೋನನ್ನು ಬೇಲಿಸ್ ಮತ್ತು ಸ್ಟಾರ್ಲಿಂಗ್ 1902ರಲ್ಲಿ ಕಂಡುಹಿಡಿದರು, ಹಾರ್ಮೋನ್ ಅನ್ನುವ ಪದ ಬಂದದ್ದೇ ಅದಾದ ಮೇಲೆ. ಆದರೆ ರಾತ್ರಿಯಿಡೀ ಸುಟ್ಟಿರುವ ಅನ್ನನಾಳದ ಗೋಡೆಗೆ ಈ ರಕ್ಷಣೆ ಯಾವುದೂ ಇಲ್ಲ. ಗಾಯದ ಮೇಲೆ ಹುಳಿ ಹಿಂಡಿದ ಹಾಗೆ. ಬೆಳಗಿನ ಹೊಸ ಉರಿ ಬಂದದ್ದು ಅಲ್ಲಿಂದ.

ಅಕ್ಕ ಬಿಡಲಿಲ್ಲ. "ಸರಿ, ಅಡುಗೆ ಸೋಡಾ ಸೇರಿಸಿದ್ರೆ?" ಅಂದಳು. ಸೋಡಾ ಹಾಕಿದರೆ ಬುಸ್ ಅಂತ ನೊರೆ ಬಂದು ಸಿಟ್ರಿಕ್ ಆಮ್ಲ ಸೋಡಿಯಂ ಸಿಟ್ರೇಟ್ ಆಗುತ್ತದೆ. ಅದು ಮೂತ್ರವನ್ನು ಖಂಡಿತ ಕ್ಷಾರ ಮಾಡುತ್ತದೆ, ಪಟ್ಟಿ ಹಸಿರು ದಾಟಿ ನೀಲಿಗೂ ಹೋದೀತು. ಆದರೆ ಆಗ ಕೆಲಸ ಮಾಡಿದ್ದು ಸೋಡಾ. ಮತ್ತೆ, ದಿನಾ ಅಷ್ಟು ಸೋಡಿಯಂ ಯಾಕೆ ನುಂಗಬೇಕು? ರಕ್ತದೊತ್ತಡ, ಕಿಡ್ನಿ ತೊಂದರೆ ಇರುವವರಿಗಂತೂ ಅದು ಬೇಡವೇ ಬೇಡ.

ನಿಂಬೆಯಿಂದ ಏನೂ ಪ್ರಯೋಜನವಿಲ್ಲ ಅಂತ ನಾನು ಹೇಳುತ್ತಿಲ್ಲ. ಮೂತ್ರಕ್ಕೆ ಹೋಗುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಕ್ಯಾಲ್ಸಿಯಂ ಕಲ್ಲು ಕಟ್ಟದ ಹಾಗೆ ತಡೆಯುತ್ತದೆ. ಅದಕ್ಕೇ ಸಿಟ್ರೇಟ್ ಕಡಿಮೆ ಇರುವ ಕೆಲವರಿಗೆ ಡಾಕ್ಟರುಗಳು ನಿಂಬೆ ನೀರು ಹೇಳುವುದುಂಟು. ಯೂರಿಕ್ ಆಮ್ಲದ ಕಲ್ಲು ಕರಗಿಸಲು ಮೂತ್ರದ ಪಿಎಚ್ ಏರಲೇಬೇಕು. ಅಲ್ಲಿ ಪೊಟ್ಯಾಸಿಯಂ ಸಿಟ್ರೇಟ್ ಔಷಧಿ ಕೊಡುತ್ತಾರೆ, ನಿಂಬೆಯನ್ನು ನಂಬಿ ಕೂರುವುದಿಲ್ಲ. ವಿಟಮಿನ್ ಸಿ ಇದೆ, ಊಟದ ಕಬ್ಬಿಣಾಂಶ ಹೀರಿಕೊಳ್ಳಲು ನೆರವಾಗುತ್ತದೆ. ಅಕ್ಕನಿಗೆ ಕಲ್ಲೂ ಇರಲಿಲ್ಲ, ರಕ್ತಹೀನತೆಯೂ ಇರಲಿಲ್ಲ.

ಇನ್ನು ಹಲ್ಲು. ಬೇರೆ ಯಾವುದೋ ಕೆಲಸಕ್ಕೆ ದಂತವೈದ್ಯರ ಹತ್ತಿರ ಹೋಗಿದ್ದಳು, ನಾನೂ ಜೊತೆಗಿದ್ದೆ. ಡಾಕ್ಟರ್ ಪುಟ್ಟ ಕನ್ನಡಿ ಹಿಡಿದು ಮೇಲಿನ ಮುಂದಿನ ಹಲ್ಲುಗಳನ್ನು ನೋಡುತ್ತಾ ನೋಡುತ್ತಾ ನಿಂತುಬಿಟ್ಟರು. ನನ್ನನ್ನೂ ಕರೆದು ತೋರಿಸಿದರು. ಹಲ್ಲಿನ ಅಂಚು ಗಾಜಿನ ಹಾಗೆ, ಹಿಂದಿನ ದೀಪದ ಬೆಳಕು ಅದರ ಮೂಲಕ ಬೂದುಬಣ್ಣದಲ್ಲಿ ಹಾಯುತ್ತಿತ್ತು. ಒಳಮೈ ನುಣ್ಣಗೆ, ತಿಕ್ಕಿ ಪಾಲಿಶ್ ಮಾಡಿದ ಹಾಗೆ. "ಹುಳಿ ಏನಾದ್ರೂ ಜಾಸ್ತಿ ಕುಡಿತೀರಾ?" ಅಂದರು. ಅಕ್ಕ ನನ್ನ ಮುಖ ನೋಡಿದಳು. ರಾತ್ರಿ ಗಂಟಲಿಗೆ ಬರುವ ಹುಳಿಯಿಂದಲೂ ಹೀಗಾಗುತ್ತದೆ, ಎರಡರಲ್ಲಿ ಯಾವುದರ ಪಾಲು ಎಷ್ಟು ಅಂತ ವಿಂಗಡಿಸಲು ಆಗಲಿಲ್ಲ. ಆದರೆ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಕರಗಲು ಶುರುವಾಗುವುದು ಪಿಎಚ್ 5.5ರ ಕೆಳಗೆ. ಮೂರರ ಒಳಗಿನ ನೀರನ್ನು ಅರ್ಧ ಗಂಟೆ ಗುಟುಕರಿಸಿದರೆ ಎಂಜಲಿಗೆ ಸುಧಾರಿಸಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ. ಮೆತ್ತಗಾದ ಎನಾಮಲ್ ಮೇಲೆ ಕೂಡಲೇ ಬ್ರಷ್ ಆಡಿಸಿದರೆ ಅದು ಸವೆದುಕೊಂಡು ಹೋಗುತ್ತದೆ. ಕುಡಿಯಲೇಬೇಕು ಅಂತಿದ್ದರೆ ಬೇಗ ಕುಡಿದು ಮುಗಿಸಿ, ಸ್ಟ್ರಾ ಬಳಸಿ, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಹಲ್ಲುಜ್ಜಲು ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ ಅಂದರು.

ಆ ವಾರವೇ ಅಕ್ಕ ಹೊಟ್ಟೆಯ ಡಾಕ್ಟರನ್ನೂ ಕಂಡಳು. ನುಂಗಲು ಕಷ್ಟ, ತೂಕ ಇಳಿಯುವುದು, ಕಪ್ಪು ಮಲ, ಇವು ಇದ್ದಿದ್ದರೆ ಒಂದು ದಿನವೂ ಕಾಯಬಾರದಿತ್ತು. ಅದೃಷ್ಟಕ್ಕೆ ಯಾವುದೂ ಇರಲಿಲ್ಲ. ರಿಫ್ಲಕ್ಸ್, ಅಂದರೆ ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಏರುವ ತೊಂದರೆ, ಅಂತ ಹೇಳಿ, ಆಮ್ಲ ತಗ್ಗಿಸುವ ಮಾತ್ರೆಯನ್ನು ಎಂಟು ವಾರಕ್ಕೆ ಬರೆದುಕೊಟ್ಟರು. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ, ಮಂಚದ ತಲೆಕಡೆಯ ಕಾಲುಗಳ ಕೆಳಗೆ 15 ಸೆಂಟಿಮೀಟರ್ ಎತ್ತರದ ಮರದ ತುಂಡು. ದಿಂಬಿನ ಮೇಲೆ ದಿಂಬು ಹಾಕಿದರೆ ಸಾಲದು, ಸೊಂಟದ ಹತ್ತಿರ ಮಡಚಿ ಹೊಟ್ಟೆ ಇನ್ನೂ ಒತ್ತಿಕೊಳ್ಳುತ್ತದೆ. ನಿಂಬೆ ನೀರು ಸದ್ಯಕ್ಕೆ ಬಂದ್. ಮೂರನೇ ವಾರಕ್ಕೆ ರಾತ್ರಿ ಎಚ್ಚರವಾಗುವುದು ನಿಂತಿತು. ಮಾತ್ರೆಯ ಕೆಲಸ ಎಷ್ಟು, ಬೇಗ ಊಟ ಮಾಡಿದ್ದರ ಕೆಲಸ ಎಷ್ಟು ಅಂತ ಅಕ್ಕ ಈಗ ನನ್ನನ್ನೇ ಕೇಳುತ್ತಾಳೆ. ಪಂದ್ಯ ಕಲಿಸಿಕೊಟ್ಟದ್ದರ ಫಲ.

ಮಾತ್ರೆ ಮುಗಿದು ಎರಡು ತಿಂಗಳಾಯಿತು. ಊಟ ಎಂಟೂವರೆಯ ಒಳಗೆ ಮುಗಿದ ದಿನ ಆರಾಮ, ತಡವಾದ ದಿನ ಸ್ವಲ್ಪ ಉರಿ. ಬೆಳಿಗ್ಗೆ ಬರೀ ಬೆಚ್ಚಗಿನ ನೀರು, ನಿಂಬೆ ಊಟದ ಜೊತೆ ಯಾವಾಗಲಾದರೂ ಒಂದೆರಡು ಹನಿ. ಡಬ್ಬಿಯಲ್ಲಿ ಇನ್ನೂ 38 ಪಟ್ಟಿ ಉಳಿದಿವೆ. ತಣ್ಣೀರು ತಾಗಿದಾಗ ಆ ಮುಂದಿನ ಎರಡು ಹಲ್ಲು ಈಗಲೂ ಜುಂ ಅನ್ನುತ್ತವೆ. ಎನಾಮಲ್ ಮತ್ತೆ ಬೆಳೆಯುವುದಿಲ್ಲ, ಅಂಚಿಗೆ ಬೇಕಾದರೆ ಫಿಲ್ಲಿಂಗ್ ಹಚ್ಚಬಹುದು ಅಂದಿದ್ದಾರೆ ಡಾಕ್ಟರ್. ಅಕ್ಕ ಇನ್ನೂ ಯೋಚನೆ ಮಾಡುತ್ತಿದ್ದಾಳೆ.